ಅಕ್ಕಡಿ ಸಾಲಿನಿಂದ ಅಡುಗೆಮನೆಗೆ

ಒಳ್ಳೆಯ ವಸ್ತುವಿಗೆ ಹೆಚ್ಚು ಬೆಲೆ ತೆರಬೇಕೆಂಬುದು ಪೇಟೆಯ ಸಾಮಾನ್ಯ ನಿಯಮ. ತರಕಾರಿಯ ವಿಷಯದಲ್ಲಿ ಮಾತ್ರ ಅದು ತಲೆಕೆಳಗಾಗುತ್ತದೆ. ಆಯಾ ಋತುವಿನ ಕಾಯಿ, ಸೊಪ್ಪುಗಳ ಆವಕ ಹೆಚ್ಚಿದಾಗ ಬೆಲೆ ಇಳಿಯುತ್ತದೆ; ಅವು ಹತ್ತಿರದ ಹೊಲದಿಂದ ತಾಜಾ ಆಗಿ ಬರುವುದೂ ಆಗಲೇ. ಕಿತ್ತ ಸೊಪ್ಪು ಬಾಡುತ್ತ ಹೋದಂತೆ ಅದರಲ್ಲಿನ ‘ಸಿ’ ಜೀವಸತ್ವ, ಫೋಲೇಟ್ ಎರಡೂ ಕುಂದುತ್ತವೆ. ಅಕಾಲದಲ್ಲಿ ದೂರದಿಂದ ಬಂದ ಹೂಕೋಸಿಗೆ ನಾವು ತೆರುವ ಹೆಚ್ಚುವರಿ ಹಣ ಸಾಗಣೆಗೆ ಮತ್ತು ಅಭಾವಕ್ಕೆ, ಪೋಷಕಾಂಶಕ್ಕಲ್ಲ.

ಕೇಂದ್ರ ಸರ್ಕಾರದ 2022–23ರ ಗೃಹಬಳಕೆ ವೆಚ್ಚ ಸಮೀಕ್ಷೆಯಂತೆ ನಗರವಾಸಿಗಳು ತಮ್ಮ ಮಾಸಿಕ ವೆಚ್ಚದಲ್ಲಿ ತರಕಾರಿಗೆ ವಿನಿಯೋಗಿಸಿದ್ದು ಶೇ 3.8ರಷ್ಟು; ಪಾನೀಯ ಮತ್ತು ಸಂಸ್ಕರಿತ ಆಹಾರಕ್ಕೆ ಶೇ 10.6ರಷ್ಟು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 400 ಗ್ರಾಂ ತರಕಾರಿ ಸೇವಿಸಬೇಕೆನ್ನುತ್ತದೆ. ಮಂಡಕ್ಕಿ–ಮೆಣಸಿನಕಾಯಿ, ಬೆಣ್ಣೆದೋಸೆಗಳ ದಾವಣಗೆರೆಯಲ್ಲಿ ಎಷ್ಟು ಮನೆಗಳು ಆ ಪ್ರಮಾಣ ಮುಟ್ಟುತ್ತವೆಯೋ ಓದುಗರೇ ಊಹಿಸಬಹುದು. (ಬೆಣ್ಣೆದೋಸೆಯ ಬಗ್ಗೆ ನನಗೆ ತಕರಾರಿಲ್ಲ.)

ಸರಸ್ವತಿ ನಗರದಂತಹ ಬಡಾವಣೆಗಳಲ್ಲಿ ವಾಸಿಸುವ ನಮಗೆ ಇದು ಆಯ್ಕೆಯ ಪ್ರಶ್ನೆ. ಸುತ್ತಲ ಹಳ್ಳಿಗಳ ಕೂಲಿಕಾರ ಕುಟುಂಬಗಳಿಗೆ ಹಾಗಲ್ಲ. ಜೋಳದ ಹೊಲದಲ್ಲಿ ಹಿಂದೆ ಅಕ್ಕಡಿ ಸಾಲು ತಪ್ಪುತ್ತಿರಲಿಲ್ಲ. ಮುಖ್ಯ ಬೆಳೆಯ ನಡುವೆ ಅವರೆ, ತೊಗರಿ, ಅಲಸಂದೆ. ಅಂಚಿನಲ್ಲಿ ಸೌತೆ, ಹೀರೆ ಬಳ್ಳಿ. ಮಳೆ ಬಿದ್ದರೆ ತಾನಾಗಿ ಹುಟ್ಟುವ ಅಣ್ಣೆಸೊಪ್ಪು, ಗೋಣಿಸೊಪ್ಪು. ಕಳೆ ಕೀಳಲು ಹೋದ ಹೆಂಗಸರ ಮಡಿಲಲ್ಲಿ ಅಂದಿನ ಪಲ್ಯವೂ ಮನೆಗೆ ಬರುತ್ತಿತ್ತು. ಇದು ಯಾವ ಮಾರುಕಟ್ಟೆಯ ಆವಕದಲ್ಲೂ ದಾಖಲಾಗದ ಸಂಪತ್ತು; ಹಾಗಾಗಿ ಅದು ಕಳೆದುಹೋದದ್ದೂ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಇಂದು ಜಿಲ್ಲೆಯ ಮಳೆಯಾಶ್ರಿತ ಭೂಮಿಯನ್ನು ಮೆಕ್ಕೆಜೋಳವೂ ಭದ್ರಾ ನಾಲೆಯ ಬಯಲನ್ನು ಭತ್ತ, ಅಡಿಕೆಗಳೂ ಆವರಿಸಿವೆ. ಮೆಕ್ಕೆಜೋಳಕ್ಕೆ ಸಿಂಪಡಿಸುವ ಅಟ್ರಜಿನ್‌ನಂತಹ ಕಳೆನಾಶಕ ಅಗಲ ಎಲೆಯ ಸಸ್ಯಗಳನ್ನೇ ಗುರಿಯಾಗಿಸುತ್ತದೆ. ಅದರ ದೃಷ್ಟಿಯಲ್ಲಿ ಅವರೆಯೂ ಕಳೆ, ಅಣ್ಣೆಸೊಪ್ಪೂ ಕಳೆ. ಪುಕ್ಕಟೆ ದೊರೆಯುತ್ತಿದ್ದುದನ್ನು ಆ ಹೆಂಗಸರು ಈಗ ಸಂತೆಯಲ್ಲಿ ಕೊಳ್ಳಬೇಕು. ಕೈಯಲ್ಲಿ ಕಾಸಿಲ್ಲದ ವಾರ ಸೊಪ್ಪೂ ಇಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆಯಿತ್ತು. ಇದಕ್ಕೆ ಕಾರಣಗಳು ಹಲವು. ಸೊಪ್ಪೊಂದರಿಂದಲೇ ಪರಿಹಾರವಾದೀತೆಂಬ ಭ್ರಮೆ ಬೇಡ. ಆದರೆ ನುಗ್ಗೆಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಅದರಲ್ಲಿನ ಕಬ್ಬಿಣಾಂಶವನ್ನು ದೇಹ ಹೆಚ್ಚು ಹೀರಿಕೊಳ್ಳುತ್ತದೆ. ಊಟವಾದೊಡನೆ ಚಹಾ ಕುಡಿದರೆ ಆ ಲಾಭ ತಗ್ಗುತ್ತದೆ.

ಋತುವನ್ನು ಮೀರುವುದೆಲ್ಲ ಕೆಡುಕೆಂದು ನಾನು ಹೇಳಲಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ‘ಹೆಬ್ಬಾಳ ಅವರೆ’ ತಳಿಗಳು ಹಗಲಿನ ಅವಧಿಯನ್ನು ಲೆಕ್ಕಿಸದೆ ವರ್ಷವಿಡೀ ಕಾಯಿ ಬಿಡುತ್ತವೆ. ರೈತನಿಗೆ ಅದರಿಂದ ಅನುಕೂಲವೇ. ಚಳಿಗಾಲದ ಸೊಗಡಿನ ಅವರೆಯ ರುಚಿ ಬಲ್ಲವರು ಗೊಣಗಿಕೊಳ್ಳಬಹುದು, ಅಷ್ಟೆ.

ಸರ್ಕಾರ ಮಾಡಬಹುದಾದದ್ದು ಒಂದಿದೆ. ಅನ್ನಭಾಗ್ಯ ಹಸಿವಿಗೆ ಉತ್ತರ ನೀಡಿದೆ, ಅಕ್ಕಡಿಗಲ್ಲ. ಶಾಲೆಯ ಬಿಸಿಯೂಟಕ್ಕೆ ಬೇಕಾದ ಸೊಪ್ಪು, ಕಾಯಿಗಳನ್ನು ಅದೇ ಊರಿನ ರೈತ ಮಹಿಳೆಯರಿಂದ, ಋತುವಿಗೆ ತಕ್ಕಂತೆ, ವಾರವಾರವೂ ನಗದು ಕೊಟ್ಟು ಖರೀದಿಸುವ ನಿಯಮ ಬರಲಿ. ಖಾತ್ರಿಯ ಗಿರಾಕಿ ಇದ್ದರೆ ನಾಲ್ಕು ಸಾಲು ಬಿಡಲು ರೈತ ಹಿಂಜರಿಯಲಾರ. ರಾಜಗಿರಿ ಒಂದು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಜೂನ್ ಮೊದಲ ಮಳೆಗೆ ಬಿತ್ತಿದ್ದು ಜುಲೈ ಹೊತ್ತಿಗೆ ಮಕ್ಕಳ ಸಾರಿಗೆ ಬೀಳುತ್ತದೆ.