ಊಷ್ಮವರ್ಣಗಳ ಉಚ್ಚಾರಣಕ್ರಮ

ಬಾಲಕರು ‘ಶಂಕರ’ ಎಂಬುದನ್ನು ‘ಸಂಕರ’ ಎಂದು ಓದುವುದೂ ಉಪಾಧ್ಯಾಯರು ಗದರಿಸಿ ತಿದ್ದುವುದೂ ಪಾಠಶಾಲೆಗಳಲ್ಲಿ ಕಾಣಬರುವ ಸಂಗತಿ. ಆದರೆ ಗದರಿಕೆಯಿಂದ ನಾಲಗೆಯು ಎಲ್ಲಿಗೆ ಸರಿಯಬೇಕೆಂಬುದು ಬಾಲಕನಿಗೆ ತಿಳಿಯದು. ವರ್ಣೋತ್ಪತ್ತಿಯ ಜ್ಞಾನವೇ ಅದಕ್ಕೆ ಮಾರ್ಗ.

ಶ, ಷ, ಸ, ಹ ಎಂಬಿವು ಊಷ್ಮಗಳೆಂದು ಪ್ರಸಿದ್ಧವಾಗಿವೆ. ತಕಾರಾದಿ ಸ್ಪರ್ಶಗಳಲ್ಲಿ ಕರಣವು ಸ್ಥಾನವನ್ನು ಪೂರ್ಣವಾಗಿ ಮುಟ್ಟಿ, ಉಸಿರನ್ನು ತಡೆದು ಬಿಡುವುದು. ಊಷ್ಮಗಳಲ್ಲಿಯಾದರೋ ನಡುವೆ ಕಿರಿದಾದ ಎಡೆಯುಳಿಯುವುದು. ಉಸಿರು ಅಲ್ಲಿ ಒತ್ತಿ ನುಸುಳುವಾಗ ಸದ್ದು ಹುಟ್ಟುವುದು. ತೈತ್ತಿರೀಯ ಪ್ರಾತಿಶಾಖ್ಯವು ಇವುಗಳಿಗೆ ಸ್ಪರ್ಶಗಳ ಸ್ಥಾನಗಳನ್ನೇ ವಿಧಿಸಿ, ಕರಣದ ಮಧ್ಯಭಾಗವು ಮಾತ್ರ ತೆರೆದಿರುವುದೆಂದು ಹೇಳುತ್ತದೆ. ಆದುದರಿಂದಲೇ ‘ತ್’ ಎಂಬುದನ್ನು ಎಳೆಯಲಾಗದು. ‘ಸ್’ ಎಂಬುದನ್ನು ಉಸಿರಿರುವವರೆಗೂ ಎಳೆಯಬಹುದು.

ಅಭ್ಯಾಸಕ್ರಮವು ಹೀಗೆ: ನಾಲಗೆಯ ತುದಿಯನ್ನು ಮೇಲ್ಪಂಕ್ತಿಯ ಹಲ್ಲುಗಳ ಬಳಿಗೆ ತಂದು ಉಸಿರನ್ನು ಬಿಟ್ಟರೆ ದಂತ್ಯ ಸಕಾರ. ತುದಿಯನ್ನು ಇಳಿಬಿಟ್ಟು ನಾಲಗೆಯ ಮುಂಭಾಗವನ್ನು ತಾಲುವಿನ ಕಡೆಗೆ ಎತ್ತಿದರೆ ತಾಲವ್ಯ ಶಕಾರ. ಟಕಾರಕ್ಕೆಂಬಂತೆ ತುದಿಯನ್ನು ಮೇಲಕ್ಕೆ ಮಡಿಸಿ, ಮುಟ್ಟಿಸದೆ ಉಸಿರನ್ನು ಬಿಟ್ಟರೆ ಮೂರ್ಧನ್ಯ ಷಕಾರ. ಈ ಮೂರರಲ್ಲಿಯೂ ಕಂಠದ ಮೇಲೆ ಬೆರಳಿಟ್ಟರೆ ಕಂಪನವು ತೋರದು, ಇವು ಅಘೋಷಗಳು. ಹಕಾರದ ರೀತಿ ಬೇರೆ. ಕಂಠವು ಮುಚ್ಚಿದಾಗ ನಾದ, ತೆರೆದಾಗ ಶ್ವಾಸ, ಇವೆರಡರ ನಡುವಣ ಸ್ಥಿತಿಯಲ್ಲಿ ಹಕಾರವೆಂದು ಅದೇ ಪ್ರಾತಿಶಾಖ್ಯವು ನಿರ್ಣಯಿಸಿದೆ. ಸಂಸ್ಕೃತದ ಹಕಾರವು ಉಸಿರು ಬೆರೆತ ಘೋಷವೆಂಬ ಆಧುನಿಕ ಧ್ವನಿಶಾಸ್ತ್ರದ ಅಭಿಪ್ರಾಯವು ಇದಕ್ಕೆ ಹೊಂದುವುದು.

ಇನ್ನು ಬಾಲಕನ ತಪ್ಪಿನ ಮೂಲವನ್ನು ನೋಡತಕ್ಕದ್ದು. ಅಚ್ಚಗನ್ನಡದಲ್ಲಿ ಶಷಗಳಿಲ್ಲವೆಂಬುದು 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ವಿದಿತವಾಗಿದೆ. ಆಕಾಶವು ಆಗಸವಾದುದೂ, ಶಶಿಯು ಸಸಿಯಾದುದೂ, ದೋಷವು ದೋಸವಾದುದೂ ಈ ಕಾರಣದಿಂದಲೇ. ತದ್ಭವಗಳಲ್ಲಿ ಕವಿಗಳಿಗೆ ಸಮ್ಮತವಾದ ಮಾರ್ಗವನ್ನೇ ಬಾಲಕನ ನಾಲಗೆಯು ತತ್ಸಮದಲ್ಲಿಯೂ ಹಿಡಿಯುವುದು. ಇದು ಸೋಮಾರಿತನವಲ್ಲ, ದೇಶಭಾಷೆಯ ಸ್ವಭಾವ. ಇಂದು ಶಷಗಳ ಭೇದವು ವಿದ್ವಾಂಸರ ಬಾಯಲ್ಲಿಯೂ ಬಹುಮಟ್ಟಿಗೆ ಅಳಿದಿರುವಾಗ ಬಾಲಕನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಹಾಗೆಂದು ಭೇದವನ್ನು ಉಪೇಕ್ಷಿಸಲೂ ಆಗದು. ‘ಅಶ್ವ’ವೆಂದರೆ ಕುದುರೆ, ‘ಅಸ್ವ’ನೆಂದರೆ ಧನಹೀನ, ‘ಸಕಲ’ವೆಂದರೆ ಸಮಸ್ತ, ‘ಶಕಲ’ವೆಂದರೆ ತುಂಡು. ಆದಕಾರಣ ಉಪಾಧ್ಯಾಯರು ಮೊದಲು ಸ್ಥಾನವನ್ನು ತೋರಿಸಿ, ಬಳಿಕ ಉಚ್ಚಾರಣೆಯನ್ನು ಕೇಳಿಸಿ, ಕಡೆಯಲ್ಲಿ ಅರ್ಥಭೇದವನ್ನು ತಿಳಿಸುವುದು ಯುಕ್ತ. ಸ್ಥಾನವನ್ನರಿತ ನಾಲಗೆಗೆ ಗದರಿಕೆಯ ಅವಶ್ಯಕತೆಯಿರದು.