ಪಲ್ಟಿಯಾದ ಕಾರಿನಿಂದ ಚಾಲಕ ಎದ್ದು ಬರುವುದು ಹೇಗೆ?

ಟಿ.ವಿ.ಯಲ್ಲಿ ಕಾರ್ ರ‍್ಯಾಲಿ ನೋಡುವ ಮಕ್ಕಳಿಗೆ ಈ ದೃಶ್ಯ ಹೊಸದಲ್ಲ. ತಿರುವಿನಲ್ಲಿ ಹಿಡಿತ ತಪ್ಪಿದ ಕಾರು ಎರಡು ಮೂರು ಸಲ ಉರುಳುತ್ತದೆ. ಗಾಜು ಪುಡಿಯಾಗುತ್ತದೆ, ಬಾಗಿಲು ನುಜ್ಜುಗುಜ್ಜಾಗುತ್ತದೆ. ನೋಡುವವರು ಉಸಿರು ಬಿಗಿಹಿಡಿದಿರುವಾಗಲೇ ಚಾಲಕ ಕಿಟಕಿಯಿಂದ ಹೊರಬಂದು ಮೈ ಕೊಡವಿಕೊಂಡು ನಿಲ್ಲುತ್ತಾನೆ.

ಇನ್ನು ರೋಣ, ನರಗುಂದದ ಎರೆ ಹೊಲಗಳಿಗೆ, ಗಜೇಂದ್ರಗಡದ ಗುಡ್ಡದ ಇಳಿಜಾರಿಗೆ ಬರೋಣ. ಇಲ್ಲಿ ಟ್ರ್ಯಾಕ್ಟರ್ ಓಡುವುದು ಎತ್ತಿನ ಗಾಡಿಗಿಂತ ತುಸು ಜೋರಾಗಿ, ಅಷ್ಟೆ. ಆದರೆ ಅದು ಪಲ್ಟಿಯಾಗಿ ಮೈಮೇಲೆ ಬಿದ್ದರೆ ಬದುಕುಳಿಯುವುದು ಕಷ್ಟ. ನೂರು ಕಿ.ಮೀ. ವೇಗದಲ್ಲಿದ್ದವನು ಎದ್ದು ಬರುತ್ತಾನೆ, ಹತ್ತು ಕಿ.ಮೀ. ವೇಗದಲ್ಲಿದ್ದವನು ಏಳುವುದೇ ಇಲ್ಲ. ಇದನ್ನು ಹಣೆಬರಹ ಎಂದು ಸುಮ್ಮನಾಗುವ ಮುನ್ನ ರೇಸ್ ಕಾರಿನೊಳಗೆ ಏನಿದೆ ಎಂಬುದನ್ನು ಒಮ್ಮೆ ಇಣುಕಿ ನೋಡಬೇಕು.

ಉಕ್ಕಿನ ಪಂಜರ

ರ‍್ಯಾಲಿ ಕಾರಿನ ಒಳಗೆ ಉಕ್ಕಿನ ಕೊಳವೆಗಳಿಂದ ಕಟ್ಟಿದ ಒಂದು ಪಂಜರ ಇರುತ್ತದೆ. ಇದಕ್ಕೆ ರೋಲ್ ಕೇಜ್ ಎಂದು ಹೆಸರು. ಚಾಲಕನ ಹಿಂದೆ ಕಮಾನಿನಂತೆ ನಿಲ್ಲುವ ಕೊಳವೆಯೇ ಇದರ ಬೆನ್ನೆಲುಬು. ಕಾರು ತಲೆಕೆಳಗಾದರೂ ಚಾಲಕ ಕುಳಿತಿರುವ ಜಾಗ ಕುಗ್ಗದಂತೆ ಕಾಯುವುದು ಅದರ ಕೆಲಸ. ಹೊರಮೈ ಜಜ್ಜಿಹೋದರೂ ಒಳಗಿನ ಮನುಷ್ಯನಿಗೆ ಅಷ್ಟು ಜಾಗ ಉಳಿಯಬೇಕು.

ಕೈಗೆ ಸಿಕ್ಕ ಪೈಪಿನಿಂದ ಈ ಪಂಜರ ಕಟ್ಟುವಂತಿಲ್ಲ. ಅಂತರರಾಷ್ಟ್ರೀಯ ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎ ನಿಯಮದಂತೆ ಮುಖ್ಯ ಕಮಾನಿನ ಕೊಳವೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ ಇರಬೇಕು, ಇಲ್ಲವೇ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪ. ಕೊಳವೆಗೆ ಉದ್ದುದ್ದ ಬೆಸುಗೆ ಇರಬಾರದು. ಅದನ್ನು ಕಾಯಿಸದೆ, ತಣ್ಣಗಿರುವಾಗಲೇ ಬಗ್ಗಿಸಬೇಕು. ನೀರಿನ ನಳಕ್ಕೆ ಬಳಸುವ ಜಿ.ಐ. ಪೈಪು ಇದಕ್ಕೆ ಸಲ್ಲದು.

ಪಂಜರದ ಕಾಲು ಊರುವ ಜಾಗವೂ ಅಷ್ಟೇ ಮುಖ್ಯ. ಕಾರಿನ ತಳದ ತಗಡು ತೆಳುವಾದದ್ದು. ಅದರ ಮೇಲೆ ಕೊಳವೆಯನ್ನು ನೇರವಾಗಿ ನಿಲ್ಲಿಸಿದರೆ, ಕಾರು ಉರುಳಿದಾಗ ಅದು ತಗಡನ್ನು ತೂರಿಕೊಂಡು ಹೋಗುತ್ತದೆ. ಆದ್ದರಿಂದ ತಗಡಿಗೆ 3 ಮಿ.ಮೀ. ದಪ್ಪದ, ಕನಿಷ್ಠ 120 ಚದರ ಸೆಂ.ಮೀ. ಅಗಲದ ಫಲಕವನ್ನು ಬೆಸೆದು ಭಾರ ಹಂಚುತ್ತಾರೆ. ಕೆಸರಿನಲ್ಲಿ ನಡೆಯುವಾಗ ಹಲಗೆ ಹಾಸಿಕೊಂಡಂತೆ ಇದು.

ಪಟ್ಟಿ ಇಲ್ಲದ ಪಂಜರ

ಇದನ್ನು ಮಕ್ಕಳು ಮನೆಯಲ್ಲೇ ಪರೀಕ್ಷಿಸಬಹುದು. ಸ್ಟೀಲ್ ಊಟದ ಡಬ್ಬಿಯಲ್ಲಿ ಹಣ್ಣಾದ ಟೊಮೆಟೊ ಇಟ್ಟು, ಮುಚ್ಚಳ ಹಾಕಿ ಜೋರಾಗಿ ಅಲುಗಾಡಿಸಿ. ಡಬ್ಬಿಗೆ ಏನೂ ಆಗುವುದಿಲ್ಲ, ಟೊಮೆಟೊ ಮಾತ್ರ ಜಜ್ಜಿಹೋಗುತ್ತದೆ. ಈಗ ಟೊಮೆಟೊ ಕದಲದಂತೆ ಸುತ್ತ ಬಟ್ಟೆ ತುಂಬಿ ಮತ್ತೆ ಅಲುಗಾಡಿಸಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಪಂಜರ ಎಂದರೆ ಆ ಡಬ್ಬಿ. ಚಾಲಕನನ್ನು ಕದಲದಂತೆ ಹಿಡಿಯುವುದು ಬೆಲ್ಟ್. ರೇಸ್ ಕಾರಿನ ಬೆಲ್ಟ್ ಎರಡೂ ಭುಜ, ಸೊಂಟ ಮತ್ತು ತೊಡೆಯ ಸಂದಿಯನ್ನು ಹಿಡಿದು ಸೀಟಿಗೆ ಬಿಗಿಯುತ್ತದೆ. ಬೆಲ್ಟಿನ ನೂಲು ಬಿಸಿಲಿಗೆ, ಬಳಕೆಗೆ ಸವೆಯುವುದರಿಂದ ಅದಕ್ಕೂ ಅವಧಿ ಉಂಟು. ಅವಧಿ ಮುಗಿದದ್ದನ್ನು ತಪಾಸಕರು ಒಪ್ಪುವುದಿಲ್ಲ. ತಲೆಗೆ ಹೆಲ್ಮೆಟ್. ಮೈಯನ್ನು ಬೆಲ್ಟ್ ಹಿಡಿದಾಗ ತಲೆಯೊಂದೇ ಮುಂದಕ್ಕೆ ಚಿಮ್ಮಿ ಕುತ್ತಿಗೆ ಮುರಿಯಬಾರದೆಂದು ಹ್ಯಾನ್ಸ್ ಎಂಬ ಸಾಧನ. ಫಾರ್ಮುಲಾ ಒನ್‌ನಲ್ಲಿ ಇದು 2003ರಲ್ಲಿ ಕಡ್ಡಾಯವಾಯಿತು. ಇವಲ್ಲದೆ ಬೆಂಕಿ ಆರಿಸುವ ಸಿಲಿಂಡರ್, ವಿದ್ಯುತ್ತನ್ನು ಒಮ್ಮೆಗೇ ಕಡಿಯುವ ಸ್ವಿಚ್. ಆ ಸ್ವಿಚ್ಚನ್ನು ಹೊರಗೆ ನಿಂತವರೂ ಒತ್ತುವಂತಿರಬೇಕು.

ಇಲ್ಲೊಂದು ಎಚ್ಚರಿಕೆಯ ಮಾತು. ಇದನ್ನೋದಿ ಮನೆಯ ಕಾರಿಗೂ ಪಂಜರ ಹಾಕಿಸಬಹುದಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಅದು ತಪ್ಪು. ಹೆಲ್ಮೆಟ್ ಇಲ್ಲದ ತಲೆ ಉಕ್ಕಿನ ಕೊಳವೆಗೆ ಬಡಿದರೆ ಸಣ್ಣ ಅಪಘಾತವೂ ಪ್ರಾಣಕ್ಕೆ ಎರವಾದೀತು. ವಾಹನದ ಮೂಲ ರಚನೆಯನ್ನು ಅನುಮತಿಯಿಲ್ಲದೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ನಿರ್ಬಂಧವೂ ಇದೆ. ರಸ್ತೆಯ ಕಾರಿಗೆ ಕಂಪನಿ ಕೊಟ್ಟ ಬೆಲ್ಟ್ ಸಾಕು; ಹಿಂದಿನ ಸೀಟಿನವರೂ ಅದನ್ನು ಹಾಕಿಕೊಳ್ಳಬೇಕು.

ವಿದ್ಯಾರ್ಥಿಗಳು ಕಟ್ಟುವ ಪಂಜರ

ಈ ವಿದ್ಯೆ ಕಲಿಯಲು ವಿದೇಶಕ್ಕೆ ಹೋಗಬೇಕಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಗುಡ್ಡಗಾಡಿನ ಪುಟ್ಟ ವಾಹನ ಕಟ್ಟಿ ಓಡಿಸುವ ‘ಬಾಹಾ ಎಸ್‌ಎಇ ಇಂಡಿಯಾ’ ಸ್ಪರ್ಧೆ 2007ರಲ್ಲಿ ಮಧ್ಯಪ್ರದೇಶದ ಪೀಥಂಪುರದಲ್ಲಿ ಆರಂಭವಾಯಿತು. ಅಲ್ಲಿ ವಾಹನ ಎಷ್ಟು ಜೋರಾಗಿ ಓಡುತ್ತದೆ ಎಂಬುದು ನಂತರದ ಮಾತು. ಮೊದಲು ಪಂಜರದ ತಪಾಸಣೆ. ಉಕ್ಕಿನಲ್ಲಿ ಇಂಗಾಲ ಕನಿಷ್ಠ ಶೇ. 0.18 ಇದೆಯೇ, ಬೆಸುಗೆ ಗಟ್ಟಿಯೇ, ಹೆಲ್ಮೆಟ್ಟಿಗೂ ಕೊಳವೆಗೂ ಸಾಕಷ್ಟು ಅಂತರವಿದೆಯೇ ಎಂದು ನೋಡುತ್ತಾರೆ. ಇದರಲ್ಲಿ ತೇರ್ಗಡೆಯಾಗದ ವಾಹನ ಓಟಕ್ಕೆ ಇಳಿಯುವಂತಿಲ್ಲ. ಒಂಬತ್ತನೇ ತರಗತಿಯಲ್ಲಿ ಬಲ, ಜಡತ್ವ ಎಂದು ಬಾಯಿಪಾಠ ಮಾಡಿದ ಹುಡುಗರಿಗೆ, ಐ.ಟಿ.ಐ.ಯಲ್ಲಿ ವೆಲ್ಡಿಂಗ್ ಕಲಿತವರಿಗೆ ಆ ಪಾಠದ ಬೆಲೆ ಏನೆಂದು ತಿಳಿಯುವುದು ಇಲ್ಲಿ.

ಪಂಜರ ಹೊಲಕ್ಕೂ ಬೇಕು

ಈ ಪಂಜರದ ಅಗತ್ಯ ರೇಸಿಗಿಂತ ಹೊಲದಲ್ಲೇ ಹೆಚ್ಚು. ಮಳೆ ಬಿದ್ದ ಎರೆ ಮಣ್ಣಿನಲ್ಲಿ ಟ್ರ್ಯಾಕ್ಟರಿನ ಹಿಂದಿನ ಗಾಲಿ ಹೂತುಬಿಡುತ್ತದೆ. ಗಾಲಿಗೆ ಕಲ್ಲು, ಮರದ ತುಂಡು ಅಡ್ಡ ಕೊಟ್ಟು ಎಂಜಿನ್ ಏರಿಸುವುದು ರೂಢಿ. ಗಾಲಿ ತಿರುಗದಿದ್ದಾಗ ಎಂಜಿನ್ನಿನ ಬಲ ಟ್ರ್ಯಾಕ್ಟರಿನ ಮೂತಿಯನ್ನೇ ಮೇಲಕ್ಕೆ ಎತ್ತುತ್ತದೆ. ಅದು ಹಿಮ್ಮುಖವಾಗಿ ಮಗುಚಲು ಒಂದೂವರೆ ಸೆಕೆಂಡ್ ಸಾಕು. ಜಿಗಿಯಲು ಸಮಯವೇ ಸಿಗುವುದಿಲ್ಲ. ಕಾಲುವೆಯ ಏರಿ, ಹೊಲದ ಒಡ್ಡು, ಗುಡ್ಡದ ಓರೆಯಲ್ಲಿ ಪಕ್ಕಕ್ಕೆ ಉರುಳುವ ಅಪಾಯ. ಟ್ರ್ಯಾಕ್ಟರಿನ ಭಾರ ನೆಲದಿಂದ ಎತ್ತರದಲ್ಲಿದೆ. ಮೇಲಾಗಿ ತಿರುವಿನಲ್ಲಿ ವೇಗ ಎರಡು ಪಟ್ಟಾದರೆ ಉರುಳಿಸುವ ಬಲ ನಾಲ್ಕು ಪಟ್ಟಾಗುತ್ತದೆ.

ಸ್ವೀಡನ್ ದೇಶ ಇದಕ್ಕೆ ಪರಿಹಾರ ಕಂಡುಕೊಂಡದ್ದು 1959ರಲ್ಲಿ. ಹೊಸ ಟ್ರ್ಯಾಕ್ಟರುಗಳಿಗೆ ಪರೀಕ್ಷಿಸಿದ ಉಕ್ಕಿನ ಚೌಕಟ್ಟು ಕಡ್ಡಾಯವಾಯಿತು. ಮುಂದಿನ ದಶಕಗಳಲ್ಲಿ ಟ್ರ್ಯಾಕ್ಟರ್ ಮಗುಚಿ ಸಾಯುವುದು ಅಲ್ಲಿ ಹೆಚ್ಚುಕಡಿಮೆ ನಿಂತೇಹೋಯಿತು. ಅದೇ ವರ್ಷ ಅದೇ ದೇಶದ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ಎಂಬ ಎಂಜಿನಿಯರ್ ರೂಪಿಸಿದ ಮೂರು ತುದಿಯ ಸೀಟ್ ಬೆಲ್ಟ್ ಕಾರುಗಳಿಗೆ ಬಂತು. ಕಂಪನಿ ಅದರ ಪೇಟೆಂಟನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು.

ಟ್ರ್ಯಾಕ್ಟರ್ ಕೊಳ್ಳುವ ಪಾಲಕರು ಬಣ್ಣ, ಅಶ್ವಶಕ್ತಿ ಕೇಳುವ ಹಾಗೆ ‘ಪರೀಕ್ಷೆಯಾದ ರೋಲ್ ಓವರ್ ಚೌಕಟ್ಟು, ಬೆಲ್ಟ್ ಇದೆಯೇ?’ ಎಂದೂ ಕೇಳಬೇಕು. ನೆರಳಿಗೆ ಹಾಕಿಸುವ ತಗಡಿನ ಹುಡ್ ಈ ಚೌಕಟ್ಟಿಗೆ ಬದಲಿಯಲ್ಲ. ಟ್ರ್ಯಾಕ್ಟರಿನ ಭಾರ ಬಿದ್ದರೆ ಅದು ಮಡಚಿಕೊಳ್ಳುತ್ತದೆ. ಚೌಕಟ್ಟು ಇದ್ದರೆ ಬೆಲ್ಟ್ ಹಾಕಿಕೊಳ್ಳಲೇಬೇಕು. ಚೌಕಟ್ಟು ಇಲ್ಲದ ಟ್ರ್ಯಾಕ್ಟರಿನಲ್ಲಿ, ಅಥವಾ ಅದನ್ನು ಮಡಚಿಟ್ಟಾಗ, ಬೆಲ್ಟ್ ಕಟ್ಟಿಕೊಳ್ಳಬಾರದು. ಹೂತ ಟ್ರ್ಯಾಕ್ಟರನ್ನು ಎಂಜಿನ್ ಏರಿಸಿ ಎಬ್ಬಿಸುವ ಬದಲು ಮಣ್ಣು ಕೆದರಿ ಹಿಂದಕ್ಕೆ ತೆಗೆಯುವುದು, ಇಲ್ಲವೇ ಬೇರೆ ಟ್ರ್ಯಾಕ್ಟರಿನಿಂದ ಎಳೆಸುವುದು ಕ್ಷೇಮ.

ಕೊನೆಯ ಮಾತು ಮಕ್ಕಳ ಬಗ್ಗೆ. ಶಾಲೆ ಬಿಟ್ಟ ಮೇಲೆ ಅಪ್ಪನ ಜೊತೆ, ಕಾಕಾನ ಜೊತೆ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕುಳಿತು ಹೊಲಕ್ಕೆ ಹೋಗುವ ಮಕ್ಕಳನ್ನು ಈ ಭಾಗದ ದಾರಿಗಳಲ್ಲಿ ದಿನವೂ ಕಾಣಬಹುದು. ಎಷ್ಟೇ ಒಳ್ಳೆಯ ಚೌಕಟ್ಟು ಹಾಕಿಸಿದರೂ ಅದರಲ್ಲಿರುವುದು ಒಂದೇ ಸೀಟು, ಒಂದೇ ಬೆಲ್ಟ್. ಮಡ್‌ಗಾರ್ಡ್ ಮೇಲಿನ ಮಗುವಿಗೆ ಪಂಜರವೂ ಇಲ್ಲ, ಪಟ್ಟಿಯೂ ಇಲ್ಲ. ಒಂದು ತಗ್ಗು ಬಂದರೆ ಸಾಕು, ಅದು ಬೀಳುವುದು ಹಿಂದಿನ ಗಾಲಿಯ ಮುಂದೆ. ಚೌಕಟ್ಟಿಗೆ ಹಣ ಹೊಂದಿಸಲು ವರ್ಷ ಬೇಕಾಗಬಹುದು. ಮಗುವನ್ನು ಕೆಳಗಿಳಿಸಲು ಒಂದು ಪೈಸೆಯೂ ಬೇಡ.