ಮೇಜಿನ ಖಾನೆಯೊಳಗಿನ ಗಣಿ

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಗೆ ವನಭೋಜನಕ್ಕೆ ಹೋದವರೆಲ್ಲ ಕೇಳಿರುವ ಕಥೆಯೊಂದುಂಟು. ಸೀತಾದೇವಿಯ ಮುತ್ತಿನ ಒಡವೆ ಕಾವೇರಿಯ ಮಡುವಿಗೆ ಜಾರಿತಂತೆ. ಆಂಜನೇಯನು ಬಾಲದಿಂದ ನೀರನ್ನು ಕಲಕಿ ಅದನ್ನು ಮೇಲೆತ್ತಿ ಮುತ್ತೆತ್ತರಾಯನೆನಿಸಿದನಂತೆ.

ಕೈಜಾರಿದ ಐಶ್ವರ್ಯವನ್ನು ಮೇಲೆತ್ತುವ ಇಂಥದೇ ಸಾಹಸವನ್ನು ರಸಾಯನಶಾಸ್ತ್ರವು ಇಂದು ಸವೆದ ಬ್ಯಾಟರಿಗಳಲ್ಲಿ ನಡೆಸಿದೆ. ಅದರ ಅಗತ್ಯವನ್ನರಿಯಲು ಮಂಡ್ಯ ಜಿಲ್ಲೆಯನ್ನು ಬಿಟ್ಟು ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದ ಕಡೆಯ ಮರಳಗಾಲ, ಅಲ್ಲಾಪಟ್ಟಣಗಳ ಬಂಡೆಗಳಲ್ಲಿ 14,100 ಟನ್ ಲಿಥಿಯಂ ಇದೆಯೆಂಬ ವಾರ್ತೆ 2020ರಲ್ಲಿ ಹಬ್ಬಿದಾಗ ಹಿಗ್ಗಿದವರು ಬಹಳ ಮಂದಿ. ಮರುವರ್ಷ ಸರ್ಕಾರವು ಸಂಸತ್ತಿನ ಮುಂದಿಟ್ಟ ಅಂದಾಜು 1,600 ಟನ್ ಮಾತ್ರ!

ನೆಲ ಕೊಡದುದನ್ನು ಮನೆಯ ಮೇಜಿನ ಖಾನೆ ಕೊಟ್ಟೀತೆ? ಸ್ವಲ್ಪಮಟ್ಟಿಗೆ ಕೊಟ್ಟೀತು. ಮೊಬೈಲ್ ಫೋನಿನ ಬ್ಯಾಟರಿಗಳಲ್ಲಿ ಬಳಕೆಯಾಗುವ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಎಂಬ ಸಂಯುಕ್ತದ 100 ಗ್ರಾಂನಲ್ಲಿ 60 ಗ್ರಾಂ ಕೋಬಾಲ್ಟ್, 7 ಗ್ರಾಂ ಲಿಥಿಯಂ ಅಡಗಿರುತ್ತವೆ. ಜಗತ್ತಿನ ಕೋಬಾಲ್ಟಿನ ಬಹುಪಾಲು ಬರುವುದು ದೂರದ ಕಾಂಗೋ ದೇಶದ ಗಣಿಗಳಿಂದ. ಅಷ್ಟು ದೂರದಿಂದ ಬಂದ ಲೋಹ ಇಲ್ಲಿ ಹಳೆಯ ಬೀಗದಕೈಗಳ ನಡುವೆ ಬಿದ್ದಿದೆ.

ಅದನ್ನು ಪಡೆಯುವ ಬಗೆ ಸ್ವಾರಸ್ಯವಾದುದು. ಬ್ಯಾಟರಿಯಲ್ಲಿ ಉಳಿದ ವಿದ್ಯುತ್ತನ್ನು ಮೊದಲು ಪೂರ್ಣವಾಗಿ ಹರಿಯಗೊಡುತ್ತಾರೆ. ಇಲ್ಲವಾದರೆ ಒಡೆದೊಡನೆಯೇ ಬೆಂಕಿ ಹೊತ್ತೀತು. ಬಳಿಕ ಯಂತ್ರದಲ್ಲಿ ಚೂರುಮಾಡಿ, ತಾಮ್ರ ಮತ್ತು ಅಲ್ಯೂಮಿನಿಯಂ ಹಾಳೆಗಳನ್ನು ಬೇರ್ಪಡಿಸಿದರೆ ಕಾಡಿಗೆಯಂಥ ಕಪ್ಪು ಪುಡಿ ಉಳಿಯುತ್ತದೆ. ಭಾಗ್ಯವೆಲ್ಲ ಇರುವುದು ಅದರಲ್ಲೇ. ಅದನ್ನು ಗಂಧಕಾಮ್ಲದಲ್ಲಿ ಕರಗಿಸಿ ಕೋಬಾಲ್ಟ್, ನಿಕ್ಕಲ್‌ಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಕಡೆಗೆ ಉಳಿದ ದ್ರವವನ್ನು ಕಾಯಿಸಿ ಸೋಡಿಯಂ ಕಾರ್ಬೊನೇಟನ್ನು, ಎಂದರೆ ಬಟ್ಟೆ ಒಗೆಯುವ ಸೋಡವನ್ನೇ, ಬೆರೆಸಿದಾಗ ಲಿಥಿಯಂ ಬಿಳಿಯ ಪುಡಿಯಾಗಿ ತಳಕ್ಕಿಳಿಯುತ್ತದೆ. ಬೆಂಗಳೂರಿನ ಮೆಟಾಸ್ಟೇಬಲ್ ಮೆಟೀರಿಯಲ್ಸ್ ಎಂಬ ಸಂಸ್ಥೆಯು ಆಮ್ಲದ ಬದಲು ಇಂಗಾಲದೊಡನೆ ಕಾಯಿಸುವ ಬೇರೊಂದು ಹಾದಿಯನ್ನು ಹಿಡಿಯಿತು.

ತೊಡಕಿಲ್ಲದೆ ಇಲ್ಲ. ವಿದ್ಯುತ್ ಆಟೋ, ಬಸ್ಸುಗಳಲ್ಲಿ ಬಳಸುವ ಕಬ್ಬಿಣ-ಫಾಸ್ಫೇಟ್ ಬಗೆಯ ಬ್ಯಾಟರಿಗಳಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ಲಿಥಿಯಂ, ತಾಮ್ರಗಳನ್ನಷ್ಟೇ ನಂಬಿದ ಕಾರ್ಖಾನೆಗೆ ಖರ್ಚು ಗಿಟ್ಟುವುದು ಕಷ್ಟ. ಲಾಭವಿರಲಿ, ಬಿಡಲಿ, 2022ರ ಕೇಂದ್ರ ನಿಯಮಗಳು ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ. ಸಣ್ಣ ಬ್ಯಾಟರಿಗಳ ವಸ್ತುವಿನಲ್ಲಿ ನೂರಕ್ಕೆ 90 ಭಾಗವನ್ನು 2026–27ರಿಂದ ಮರಳಿ ಪಡೆಯತಕ್ಕದ್ದೆಂದು ವಿಧಿಸಿವೆ.

ಆದರೆ ಬ್ಯಾಟರಿ ಕಾರ್ಖಾನೆಯನ್ನು ತಲುಪಿದರೆ ತಾನೆ! ಅಡುಗೆಮನೆಯ ಕಸದೊಡನೆ ಹೋದದ್ದು ಲಾರಿಯಲ್ಲಿ ಅದುಮಿದಾಗ ಕಿಡಿ ಕಾರಿ ಇಡೀ ಕಸಕ್ಕೆ ಬೆಂಕಿ ಹಚ್ಚಬಹುದು. ಅದರ ತುದಿಗಳಿಗೆ ಟೇಪು ಸುತ್ತಿ, ಬೇರೆಯಾಗಿಟ್ಟು, ವಿದ್ಯುನ್ಮಾನ ತ್ಯಾಜ್ಯವನ್ನು ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಉಬ್ಬಿಕೊಂಡ ಬ್ಯಾಟರಿಯನ್ನಂತೂ ಚುಚ್ಚಿ ನೋಡುವ ಕುತೂಹಲ ಯಾರಿಗೂ ಬೇಡ. ಮಕ್ಕಳ ಕೈಗೆ ಅದು ಎಟುಕಲೇಬಾರದು.